ಮೊತ್ರಿಯಾ ಕರೆದ ತೊಲೊಕಾ

ಮಣ್ಣು ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಮೊತ್ರಿಯಾ ಹಿಮ್ಮಡಿಯಿಂದಲೇ ಹೇಳಬಲ್ಲಳು. ಪ್ಸೆಲ್ ಹೊಳೆದಂಡೆಯ ಆ ಊರಲ್ಲಿ ಯಾರೇ ಮನೆ ಕಟ್ಟಲಿ, ತೊಲೊಕಾಕ್ಕೆ ಕರೆಯುತ್ತಾರೆ. ಊರಿಗೆ ಊರೇ ಬಂದು ಜೇಡಿಮಣ್ಣಿಗೆ ಒಣಹುಲ್ಲು ಬೆರೆಸಿ ತುಳಿದು, ಗೋಡೆ ಮೆತ್ತಿ, ಉಂಡು ಹಾಡಿ ಹೋಗುತ್ತದೆ. ಕೂಲಿಯ ಮಾತೆತ್ತಿದರೆ ಜಗಳವೇ. ಹೀಗೆ ನಲವತ್ತೊಂದು ಮನೆಗಳ ಮಣ್ಣು ತುಳಿದ ಈ ಹೆಂಗಸು ತನ್ನ ಮನೆಗೆ ಮಾತ್ರ ಒಬ್ಬರನ್ನೂ ಕರೆದವಳಲ್ಲ.

ಕಾರಣ, ಗಂಡ ಪನಾಸ್. ಸಾಮೂಹಿಕ ಬೇಸಾಯದ ಕಾಲದಲ್ಲಿ ಮೇಸ್ತ್ರಿಯಾಗಿದ್ದವನು ಬೆಳಗಾಗುತ್ತಲೇ ಮನೆಮನೆಯ ಕಿಟಕಿಗೆ ಕೋಲಿನಿಂದ ಬಡಿದು, "ತೊಲೊಕಾ! ಏಳ್ರೋ!" ಎಂದು ಅಬ್ಬರಿಸಿ ಜನರನ್ನು ಬಿಟ್ಟಿ ದುಡಿಮೆಗೆ ಎಬ್ಬಿಸುತ್ತಿದ್ದ. ಅದೇ ಊರಿನ ಯುಖಿಮ್‌ನನ್ನಂತೂ ಅವನ ಮಗನ ಮದುವೆಯ ದಿನವೇ ಬೀಟ್‌ರೂಟ್ ಹೊಲಕ್ಕೆ ಅಟ್ಟಿದ್ದ. ಪನಾಸ್ ಸತ್ತು ಹನ್ನೊಂದು ವರ್ಷವಾಯಿತು. ಆದರೂ ಆ ಪದ ತನ್ನ ಬಾಯಿಂದ ಬಂದರೆ ಜನ ಕದ ಹಾಕಿಕೊಳ್ಳುತ್ತಾರೆಂಬ ಭಯ ಇವಳಿಗೆ ಹೋಗಿರಲಿಲ್ಲ.

ಈ ವಸಂತದಲ್ಲಿ ಹಿಮ ಕರಗಿದಾಗ ಅವಳ ಬಡಗಣ ಗೋಡೆ ಕುಸಿಯಿತು. ಚಳಿಗೆ ಮುಂಚೆ ಅದು ಏಳದಿದ್ದರೆ ಮನೆ ಬಿಡಬೇಕು.

ಕೀವ್‌ನಲ್ಲಿ ಭಾಷೆ ಓದುವ ಮೊಮ್ಮಗಳು ಸೊಲೊಮಿಯಾ ರಜೆಗೆ ಬಂದಿದ್ದಳು. "ಅಜ್ಜಿ, ಈ ಪದ ನಮ್ಮದೊಂದೇ ಅಲ್ಲ. ಬೆಲಾರೂಸಿನವರು ತಲಾಕಾ ಅಂತಾರೆ, ಪೋಲೆಂಡಿನವರು ತ್ವೋಕಾ ಅಂತಾರೆ. ಇದರ ಮೂಲ ಅರ್ಥ ತುಳಿಯೋದು ಅಂತಂತೆ. ದನ ತುಳಿಯೋ ಬೀಳುಭೂಮಿಗೂ ನಾವು ತೊಲೊಕಾನೇ ಅಂತೀವಲ್ಲ. ಆದ್ರೆ ಸ್ಲೊವೇನಿಯಾದಲ್ಲಿ ತ್ಲಾಕಾ ಅಂದ್ರೆ ಜಮೀನ್ದಾರನಿಗೆ ಮಾಡೋ ಬಿಟ್ಟಿ ಚಾಕರಿ!"

"ಹಂಗಾದ್ರೆ ನಿಮ್ಮಜ್ಜ ಸ್ಲೊವೇನಿಯಾದವನೇ ಬಿಡು."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಮೊತ್ರಿಯಾಗೆ ಅಳು ಬಂತು. "ನಾನು ಕರೆದ್ರೆ ಯಾರೂ ಬರಲ್ಲ ಕಣೆ."

"ಕರೀದೆ ಯಾರು ಬರ್ತಾರೆ? ಕರೆಯದ ತೊಲೊಕಾಕ್ಕೆ ಹೋದ್ರೆ ಮನೆಯವರಿಗೆ ಅವಮಾನ ಅಂತ ಹೇಳಿಕೊಟ್ಟೋಳು ನೀನೇ."

ಮಾತು ನಾಟಿತು. ಭಾನುವಾರ ಚರ್ಚು ಮುಗಿಸಿ ಮನೆಮನೆ ಸುತ್ತಿದಳು. ಯುಖಿಮ್‌ನ ಗೇಟಿಗೆ ಬಂದದ್ದು ಕೊನೆಗೆ. ಒಳಗೆ ಕಾಲಿಡದೆ, ತಲೆ ಬಾಗಿಸಿ ಕೇಳಿಕೊಂಡಳು.

"ಯಾವತ್ತು?" ಎಂದ ಮುದುಕ.

"ಶನಿವಾರ, ಯುಖಿಮಣ್ಣ."

"ನೋಡಾಣ," ಎಂದು ಒಳಗೆ ಹೋದ.

ಹೆಚ್ಚೆಂದರೆ ಹನ್ನೆರಡು ಜನ ಬಂದಾರು ಎಂದು ಅಷ್ಟಕ್ಕೇ ಬೋರ್ಷ್ ಸಾರು ಇಟ್ಟಳು. ಶನಿವಾರ ಬಿಸಿಲೇರುವ ಮೊದಲೇ ಅಂಗಳದಲ್ಲಿ ನಲವತ್ತು ಮಂದಿ. ಪ್ಯಾಂಟು ಮಡಚಿಕೊಂಡು ಎಲ್ಲರಿಗಿಂತ ಮುಂದೆ ಯುಖಿಮ್! ಮೊತ್ರಿಯಾ ಲಂಗ ಎತ್ತಿ ಕಟ್ಟಿ ಮಣ್ಣಿಗಿಳಿದಳು.

"ಏಯ್, ಮೇಲೆ ಬಾ! ಮನೆ ಯಜಮಾನಿ ಮಣ್ಣು ತುಳಿಯೋ ಹಾಗಿಲ್ಲ. ಒಲೆ ಹತ್ರ ನಡಿ," ಎಂದು ಗದರಿದ ಯುಖಿಮ್.

"ಹದ ನಿಮಗೇನು ಗೊತ್ತು?"

"ನಲವತ್ತೊಂದು ಮನೇಲಿ ನಿನ್ನ ಪಕ್ಕದಲ್ಲೇ ತುಳಿದಿಲ್ವಾ?" ಆಮೇಲೆ ದನಿ ತಗ್ಗಿಸಿದ. "ಅವನು ಕಿಟಕಿ ಬಡೀತಿದ್ದ. ನೀನು ಗೇಟಿನಾಚೆ ನಿಂತು ಕೇಳ್ದೆ. ಯಾವಾಗ ಕೇಳ್ತೀಯೋ ಅಂತ ಹನ್ನೊಂದು ವರ್ಷ ಕಾದಿದ್ದೀನಿ ಕಣಮ್ಮ."

ಮೊತ್ರಿಯಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹನ್ನೆರಡು ಜನಕ್ಕೆಂದು ಇಟ್ಟಿದ್ದ ಬೋರ್ಷ್‌ಗೆ ಒಂದು ಕೊಡ ನೀರು ಸುರಿದಳು.