ಚೆಲುವೇಗೌಡರು ಕಂಡ ಹಸಿರು

ಚೆಲುವೇಗೌಡ ಮೇಷ್ಟ್ರ ಮನೆಯಲ್ಲಿ ಬಾಯಾರಿದವರು ನೀರು ಕುಡಿಯುವ ಮೊದಲು ಮಡಕೆಯಲ್ಲಿ ತೇಲುತ್ತಿದ್ದ ಡಬ್ಬಿಯೊಂದನ್ನು ಪಕ್ಕಕ್ಕೆ ಸರಿಸಬೇಕಾಗಿತ್ತು. ಬಿಗಿ ಮುಚ್ಚಳದ ಆ ತಗಡಿನ ಡಬ್ಬಿಯೊಳಗೆ ಮಿಡತೆಯೋ, ಜೀರುಂಡೆಯೋ, ಗದ್ದೆಯ ಇನ್ಯಾವುದೋ ಹುಳುವೋ ಇರುತ್ತಿತ್ತು. ಮಡಕೆಯ ತಂಪಿಗೆ ಅದು ಮಂಕಾಗಿ, ಹೊರಗೆ ತೆಗೆದ ಮೇಲೂ ನಾಲ್ಕೈದು ನಿಮಿಷ ಅಲುಗದೆ ಕೂರುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಪೆನ್ಸಿಲ್ಲಿನಿಂದ ಅದರ ಮೈಕಟ್ಟನ್ನು ಕಾಗದಕ್ಕೆ ಇಳಿಸಿಬಿಡುತ್ತಿದ್ದರು. ಕೊಂದು, ಗುಂಡುಸೂಜಿ ಚುಚ್ಚಿ ಬರೆಯುವುದು ಅವರಿಗೆ ಒಗ್ಗುತ್ತಿರಲಿಲ್ಲ.

"ಸತ್ತ ಉಳ ಬಣ್ಣ ಬುಟ್ಬುಡ್ತದೆ ಕಣವ್ವ" ಎನ್ನುತ್ತಿದ್ದರು.

ಅವರ ಹೆಂಡತಿ ಜಯಮ್ಮ ಒಳಗಿನಿಂದಲೇ ಮಾತು ಸೇರಿಸುತ್ತಿದ್ದರು: "ಊರೋರೆಲ್ಲ ಮಡ್ಕೆಗೆ ಲಾವಂಚದ ಬೇರ್ ಆಕುದ್ರೆ, ನಿಮ್ ಮೇಷ್ಟ್ರು ಮಿಡ್ತೆ ಆಕ್ತಾರೆ."

ನಾನು ಶೀಳನೆರೆ ಕಡೆಯವಳು. ತೊಂಬತ್ತರ ದಶಕದ ನಡುವೆ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಪಾಂಡವಪುರದ ಒಂದು ಚಿಕ್ಕ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಭತ್ತದ ಗದ್ದೆಯ ಕೆಟ್ಟ ಹುಳು ಯಾವುದು, ಕೆಟ್ಟದ್ದನ್ನು ತಿಂದು ಬೆಳೆ ಉಳಿಸುವ ಒಳ್ಳೆಯ ಹುಳು ಯಾವುದು ಎಂದು ರೈತರಿಗೆ ತೋರಿಸುವ ಬಣ್ಣದ ಪಟ ತಯಾರಿಸುವುದು ನಮ್ಮ ಕೆಲಸ. ವಿವರಣೆ ನನ್ನದು, ಚಿತ್ರ ಮೇಷ್ಟ್ರದು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಅವರು ತೊಣ್ಣೂರಿನ ಹತ್ತಿರದ ತಮ್ಮ ಹಳ್ಳಿಯಲ್ಲಿದ್ದರು. ನನಗೂ ಕಲಿಸಿ ಎಂದು ಕೇಳಿ, ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗತೊಡಗಿದೆ.

ಆ ವರ್ಷಗಳ ದಿನಚರಿ ಇನ್ನೂ ನನ್ನ ಬಳಿ ಇದೆ. ಅದು ನೆನಪಿಗಿಂತ ನಂಬಿಕಸ್ತ ಎಂದುಕೊಂಡಿದ್ದೆ. ಈಗ ಓದಿದರೆ, ಬರೆದವಳು ಎಲ್ಲವನ್ನೂ ತನ್ನ ಪರವಾಗಿಯೇ ಬರೆದುಕೊಂಡಂತೆ ಕಾಣುತ್ತದೆ. ಹಾಗಾಗಿ ಎರಡನ್ನೂ ಅರ್ಧರ್ಧ ನಂಬಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪಾಠದ ಬಗ್ಗೆ ಮಾತ್ರ ಅನುಮಾನವಿಲ್ಲ, ಏಕೆಂದರೆ ಆ ಚಿತ್ರ ಇದೆ. ಡಬ್ಬಿಯಿಂದ ತೆಗೆದ ಮಿಡತೆಯನ್ನು ನನ್ನ ಮುಂದಿಟ್ಟು ಬರೆ ಎಂದರು. ಬರೆದೆ. ಚೆನ್ನಾಗಿಯೇ ಬಂದಿದೆ ಅನ್ನಿಸಿತು.

"ಎಷ್ಟು ಕಾಲವ್ವ ಇದಕ್ಕೆ?"

"ಆರು ಸಾರ್."

"ಎಣಿಸಿದ್ಯೋ, ಗೊತ್ತಿತ್ತೋ?"

ಬಗ್ಗಿ ನೋಡಿದೆ. ಮಿಡತೆಯ ಹಿಂಗಾಲೊಂದು ಎಲ್ಲೋ ಕಳಚಿಹೋಗಿತ್ತು. ಇದ್ದದ್ದು ಐದೇ. "ಎಮ್ಮೆಸ್ಸಿ ಒಂದು ಕಾಲ್ ಜಾಸ್ತಿ ಕೊಟ್ಬುಡ್ತು ನೋಡು ಪಾಪದ್ಕೆ" ಎಂದು ನಕ್ಕು, ಹುಳುವನ್ನು ಅಂಗೈಯಲ್ಲೇ ಹೊತ್ತುಕೊಂಡು ಹೋಗಿ ಬದುವಿನ ಹುಲ್ಲಿಗೆ ಬಿಟ್ಟು ಬಂದರು.

ತೆಂಗಿನ ಗರಿಯ ಕಡ್ಡಿಯೊಂದನ್ನು ಹುಳುವಿನ ಪಕ್ಕ ಹಿಡಿದು ಉಗುರಿನಿಂದ ಗುರುತು ಮಾಡಿ, ತಲೆ ಇಷ್ಟು, ಎದೆ ಇಷ್ಟು, ರೆಕ್ಕೆ ಇಷ್ಟು ಎಂದು ಅಳೆಯುತ್ತಿದ್ದರು. ಪೆನ್ಸಿಲ್ಲಿನ ಗೆರೆ ಉಸಿರಿಗೆ ಅಳಿಸಿಹೋಗುವಷ್ಟು ತೆಳು. ಅದರ ಮೇಲೆ ಸಣ್ಣ ನಿಬ್ಬಿನಿಂದ ಇಂಕಿನ ಚುಕ್ಕಿಗಳು. ನೆರಳು ಬೇಕಾದ ಕಡೆ ಚುಕ್ಕಿ ಒತ್ತಾಗುತ್ತಿತ್ತು, ಬೆಳಕಿನ ಕಡೆ ವಿರಳ. ನೀರಿನ ಬಣ್ಣ ಕೊನೆಗೆ. ನಾನೊಮ್ಮೆ ರೆಕ್ಕೆಯ ಹೊಳಪಿಗೆಂದು ಬಿಳಿ ಬಣ್ಣದ ಟ್ಯೂಬು ಬಿಚ್ಚಿದಾಗ ಕೈ ಹಿಡಿದರು: "ಬಿಳೀನ ಬಳೀಬ್ಯಾಡ. ಅದು ಕಾಗ್ದದಲ್ಲೇ ಅದೆ. ಕೆಡುಸ್ದಂಗೆ ನೋಡ್ಕೊ, ಸಾಕು."

ಬಣ್ಣದ ವಿಷಯದಲ್ಲಿ ಅವರು ಇಷ್ಟು ಕಟ್ಟುನಿಟ್ಟಾಗಿದ್ದುದಕ್ಕೆ ಕಾರಣವಿತ್ತು. ಯಾರೋ ಹಿಂದೆ ಅಚ್ಚು ಮಾಡಿಸಿದ್ದ ಪಟವೊಂದರ ಬಣ್ಣ ಕೆಟ್ಟಿತ್ತು. ಕೆ.ಆರ್. ಪೇಟೆಯ ಕಡೆ ಬೇಸಾಯ ಮಾಡುತ್ತಿದ್ದ ಅವರ ಭಾವಮೈದ ಅದನ್ನು ನೋಡಿ, ಒಳ್ಳೆಯ ಹುಳುವನ್ನೇ ಕೆಟ್ಟದ್ದೆಂದು ತಿಳಿದು ಔಷಧಿ ಹೊಡೆದಿದ್ದನಂತೆ. "ಕಾಪಾಡೋವ್ನ ಸಾಯ್ಸಿ, ಕಳ್ಳುಂಗೆ ಗದ್ದೆ ಬುಟ್ಕೊಟ್ಟ. ರೈತ ನೀನ್ ಬರ್ದಿದ್ದ ಓದಕ್ಕಿಲ್ಲ ಕಣವ್ವ, ಕೈಲಿರೋ ಉಳಾನ ಪಟದ ಪಕ್ಕ ಇಟ್ಟು ಓಲಿಸ್ತಾನೆ. ಬಣ್ಣ ಸುಳ್ಳಾಡುದ್ರೆ ಮುಗೀತು."

ಎರಡನೆಯ ವರ್ಷ ಅವರ ಹಸಿರು ನೀಲಿಗೆ ತಿರುಗತೊಡಗಿತು. ಭತ್ತದ ಎಲೆ ಈರುಳ್ಳಿ ಎಲೆಯ ಹಾಗೆ ಕಾಣುತ್ತಿತ್ತು. ಹಾಗೇ ಬಿಡಬೇಕಾಗಿದ್ದ ಬಿಳಿಯ ಮೇಲೂ ತೆಳುವಾದ ನೀಲಿ ಹರಡಿರುತ್ತಿತ್ತು, ಅದು ಅವರಿಗೆ ಕಾಣುತ್ತಿರಲಿಲ್ಲ. ಕಣ್ಣಿಗೆ ಪೊರೆ ಬರುತ್ತಿದೆ ಎಂದು ನನಗೆ ತಿಳಿಯಿತು; ಪೊರೆಯಿಂದ ಎಲ್ಲವೂ ಹಳದಿಯಾಗಿ ಕಂಡು, ಅವರ ಕೈ ತಿಳಿಯದೆಯೇ ನೀಲಿ ಹೆಚ್ಚು ಹಾಕುತ್ತಿತ್ತು. ಜಯಮ್ಮನವರೂ ಒಮ್ಮೆ ಗೊಣಗಿದ್ದರು: "ಕಾಫೀಗ್ ಆಲು ಉಯ್ದಿದ್ದೀಯೋ ಇಲ್ವೋ ಅಂತವ ಬಗ್ಗಿ ನೋಡ್ತಾರೆ."

ನಾನು ಮೇಷ್ಟ್ರಿಗೆ ಹೇಳಲಿಲ್ಲ. ಮುಗಿದ ಚಿತ್ರಗಳನ್ನು ಆಫೀಸಿಗೆ ಒಯ್ಯುವ ನೆಪದಲ್ಲಿ ಪಾಂಡವಪುರದ ನನ್ನ ಬಾಡಿಗೆ ಕೋಣೆಗೆ ತಂದು, ನೀಲಿಯಾದ ಎಲೆಗಳ ಮೇಲೆ ತೆಳ್ಳಗೆ ಹಳದಿ ಎಳೆದು ಹಸಿರು ಮಾಡಿದೆ. ಬಿಳಿಯ ಮೇಲಿನ ನೀಲಿಯನ್ನು ಒದ್ದೆ ಕುಂಚದಿಂದ ಎತ್ತಿ ತೆಗೆದೆ. ನೆನಪಿನಲ್ಲಿ ಹಾಗೆ ತಿದ್ದಿದ್ದು ಐದು ಚಿತ್ರ, ದಿನಚರಿಯಲ್ಲಿ ಏಳು. ಆ ದಿನದ ಪುಟದ ಕೊನೆಯಲ್ಲಿ, "ಮೇಷ್ಟ್ರ ಮರ್ಯಾದೆ ಉಳಿಯಿತು" ಎಂದು ಬರೆದಿದ್ದೇನೆ. ಎಷ್ಟು ಸುಲಭವಾಗಿ ಬರೆದಿದ್ದೇನೆ ಎಂದು ಈಗ ನಾಚಿಕೆಯಾಗುತ್ತದೆ.

ಅಚ್ಚಿಗೆ ಹೋಗುವುದು ಹೇಗೋ ತಡವಾಯಿತು. ಅಷ್ಟರಲ್ಲಿ ನಾಗಮಂಗಲದಲ್ಲಿ ಕಣ್ಣಿನ ಶಿಬಿರ ನಡೆದು, ಜಯಮ್ಮನವರ ಹಟಕ್ಕೆ ಮೇಷ್ಟ್ರು ಪೊರೆ ತೆಗೆಸಿಕೊಂಡರು. ಕೆಲವು ವಾರಗಳ ನಂತರ ದಪ್ಪ ಕನ್ನಡಕ ಹಾಕಿಕೊಂಡು, ಕೇಳದೆಯೇ ನಮ್ಮ ಆಫೀಸಿಗೆ ಬಂದರು. "ಅಚ್ಚಿಗ್ ಓಗೋಕ್ ಮುಂಚೆ ಒಂದ್ಸಲ ನೋಡ್ತೀನಿ, ತೆಗಿಯವ್ವ" ಎಂದರು.

ವರಾಂಡದ ಬೆಳಕಿನಲ್ಲಿ ಒಂದೊಂದೇ ಹಾಳೆಯನ್ನು ಎತ್ತಿ ನೋಡಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಮೂರನೆಯ ಹಾಳೆಗೆ ಅವರ ಕೈ ನಿಂತಿತು.

"ಈ ಅರಿಸ್ನ ನಂದಲ್ಲ."

ನಾನು ಒಪ್ಪಿಕೊಂಡೆ. ಅವರು ಉಳಿದ ಹಾಳೆಗಳನ್ನೂ ನೋಡಿ ಮುಗಿಸಿದರು. ತಿದ್ದಿದ್ದನ್ನೆಲ್ಲ ಒಂದು ಕಡೆ ಪೇರಿಸಿ, "ಇವು ಸರಿಯಾಗವೆ. ನಾನ್ ಬರ್ದಂಗೇ ಓಗಿದ್ರೆ ರೈತ್ರು ಕೆಡ್ತಿದ್ರು" ಎಂದರು. ಆಮೇಲೆ ಒಂದನ್ನು ಬೇರೆಯಾಗಿ ತೆಗೆದು ನನ್ನ ಮುಂದೆ ಹಿಡಿದರು. "ಇದುನ್ನ ಮಾತ್ರ ಕೆಡ್ಸಿದ್ದೀಯ."

ಅದು ಸೂಜಿಯಷ್ಟು ಸಣ್ಣ ಏರೋಪ್ಲೇನ್ ಚಿಟ್ಟೆಯ ಚಿತ್ರ. ಗದ್ದೆಯ ಒಳ್ಳೆಯ ಹುಳುಗಳಲ್ಲಿ ಒಂದು. ಅದರ ಬಾಲದ ತುದಿಗೆ ಅವರು ಅಚ್ಚ ನೀಲಿ ಹಾಕಿದ್ದರು. ಅದೂ ಪೊರೆಯ ತಪ್ಪೇ ಎಂದುಕೊಂಡು ನಾನು ಹಳದಿ ಎಳೆದಿದ್ದೆ. ನಿಜವಾದ ಹುಳುವೊಂದನ್ನು ಗದ್ದೆಯಲ್ಲಿ ಹುಡುಕಿ ನೋಡುವ ತಾಳ್ಮೆಯೂ ನನಗಿರಲಿಲ್ಲ.

"ಅದರ ಬಾಲ ನಿಜವಾಗ್ಲೂ ನೀಲೀನೇ ಕಣವ್ವ. ನಂಗೇ ಅನ್ಮಾನ ಬಂದು ಜಯಾನ ಕೇಳ್ದೆ. ಅವ್ಳು ನೋಡಿ, ನನ್ ಮದ್ವೆ ಸೀರೆ ಅಂಚಿನ್ ನೀಲಿ ಅಂದ್ಲು. ಅದುನ್ನೇ ಕಲೆಸ್ದೆ."

"ಹಾಗಾದರೆ ಕಣ್ಣು ಮಂಜಾಗ್ತಿದ್ದದ್ದು ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿತ್ತು. ನೀಲಿ, ಕೆಂಪು ಎಲ್ಲಾ ಅವ್ಳುನ್ ಕೇಳ್ತಿದ್ದೆ. ಅಸ್ರು ಮಾತ್ರ ಕೇಳ್ನಿಲ್ಲ. ಉಟ್ಟಿದಾಗಿಂದ ಗದ್ದೆ ನೋಡಿವ್ನಿ, ಅಸ್ರೇನ್ ಕೇಳದು ಅಂತ ಸುಮ್ನಾಗ್ಬುಟ್ಟೆ."

ಅವರು ಅನುಮಾನಪಟ್ಟ ಕಡೆ ಸರಿಯಾಗಿದ್ದರು. ನಾನು ಅನುಮಾನವೇ ಪಡದೆ ತಪ್ಪು ಮಾಡಿದ್ದೆ. ಆ ಮಧ್ಯಾಹ್ನವೇ ನನ್ನನ್ನು ನಾಲೆಯ ಬದಿಯ ಗದ್ದೆಗೆ ಕರೆದುಕೊಂಡು ಹೋಗಿ, ಆ ಚಿಟ್ಟೆಯನ್ನು ಬದುವಿನ ಮೇಲೆ ಕೂತು ಹೊಸದಾಗಿ ಬರೆಸಿದರು. ತಾವು ಕುಂಚ ಮುಟ್ಟಲಿಲ್ಲ. ಪಟದ ಮೂಲೆಯಲ್ಲಿ, ಬರೆದವರು ಎಂದು ತಮ್ಮ ಹೆಸರಿನ ಕೆಳಗೆ, ಬಣ್ಣ ತಿದ್ದಿದವರು ಎಂದು ನನ್ನ ಹೆಸರನ್ನೂ ಹಾಕಲೇಬೇಕೆಂದರು. ನಾನು ಬೇಡವೆಂದೆ.

"ಕೈ ಆಕ್ದೋರು ಎಸ್ರೂ ಆಕ್ಬೇಕು. ನಾಳೆ ತಪ್ಪಾಗಿದ್ರೆ ರೈತ್ರು ಬೈಯೋಕೆ ಇಬ್ರಾದ್ರೂ ಇರ್ಲಿ."

ಪಟ ಹಾಗೆಯೇ ಅಚ್ಚಾಯಿತು. ಮುಂದಿನ ವರ್ಷ ನಾನು ಕೆಲಸ ಬದಲಿಸಿ ಮೈಸೂರಿಗೆ ಹೋದೆ. ಭಾನುವಾರಗಳು ತಪ್ಪಿದವು. ದಶಕ ಮುಗಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ.

ಹೋದಾಗ ಜಯಮ್ಮನವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿದೆ. ಸುಲಿಯುತ್ತಲೇ, ಮೇಷ್ಟ್ರ ಕೆಲಸವನ್ನು ಅವರಿಗೆ ತಿಳಿಯದಂತೆ ತಿದ್ದಿದ್ದಕ್ಕೆ ಅವರು ನನ್ನ ಮೇಲೆ ಬೇಜಾರಾಗಿದ್ದರೇ ಎಂದು ಕೇಳಿದೆ. ಇಷ್ಟು ವರ್ಷ ಕೇಳದೇ ಉಳಿಸಿಕೊಂಡಿದ್ದ ಪ್ರಶ್ನೆ.

"ತಿದ್ದಿದ್ಕಾ? ಅದ್ಕೆ ಖುಸಿಯಾಗಿದ್ರು ಕಣವ್ವ. ನನ್ಗಿಂತ ಒಳ್ಳೆ ಅಸ್ರು ಕಲೆಸ್ತಾಳೆ ಅಂತಿದ್ರು." ಸಿಪ್ಪೆಯನ್ನು ಮೊರದ ಆಚೆ ತಳ್ಳಿದರು. "ಆದ್ರೆ ನಿಮ್ ಆಫೀಸಿಂದ ಬಂದ್ ದಿನ ರಾತ್ರಿ ಉಣ್ನಿಲ್ಲ. ಜಯಾ, ಆ ಉಡ್ಗಿ ನಂಗ್ಯಾಕ್ ಯೋಳ್ನಿಲ್ಲ, ಮಕ್ಳು ಮಾತಾಡಕ್ಕೆ ಎದುರ್ಕೊಳೋವಂತ ಮೇಷ್ಟ್ರಾ ನಾನು, ಅಂತ ಕೇಳುದ್ರು. ನಾನೇನ್ ಯೋಳ್ಲಿ? ಅವ್ಳುನ್ನೇ ಕೇಳಿ ಅಂದೆ. ಕೇಳುದ್ರಾ?"

"ಇಲ್ಲಮ್ಮ, ಕೇಳಲಿಲ್ಲ."

"ಎದ್ರಿಕೆ ಇತ್ತಾ ನಿಂಗೆ?"

ಮೇಷ್ಟ್ರ ಎದುರಿಗೆ ನನಗೆ ಎಂದೂ ಹೆದರಿಕೆ ಆಗಿರಲಿಲ್ಲ. ಅವರು ನೊಂದುಕೊಳ್ಳುವುದನ್ನು ನೋಡಲಾರೆ ಎಂದು ನಾನೇ ತಪ್ಪಿಸಿಕೊಂಡಿದ್ದೆ. ಅದನ್ನು ಮೇಷ್ಟ್ರಿಗೆ ಹೇಳಬೇಕಾಗಿತ್ತು. ಜಯಮ್ಮನವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಹೌದೆಂದೋ ಇರಲಿ ಬಿಡು ಎಂದೋ ತಲೆಯಾಡಿಸಿ, ಇನ್ನೊಂದು ಬೊಗಸೆ ಅವರೆಕಾಯಿಯನ್ನು ನನ್ನ ಮಡಿಲಿಗೆ ಹಾಕಿದರು.