ಕುರಿ ಹತ್ತಿದ ಮೇಲೆ ಹತ್ತುವವರು

ನನಗೆ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ದೊಡ್ಡಪ್ಪ. ದೋಣಿಯ ಹುಟ್ಟು ಹಾಕಿದ ಮನೆತನಕ್ಕೆ ಕಾಲೇಜು ಒಗ್ಗುವುದಿಲ್ಲ, ಹುಡುಗನಿಗೆ ಮೀನಿನ ಬುಟ್ಟಿ ಹೊರುವುದನ್ನು ಕಲಿಸು ಎಂದು ಅಪ್ಪನ ಎದುರಿಗೇ ಹೇಳಿದ್ದ. ಎರಡನೆಯವರು ನಮ್ಮ ಇತಿಹಾಸದ ಸರ್. ಅವರು ಅಷ್ಟು ನೇರವಾಗಿ ಹೇಳಲಿಲ್ಲ, ಸಹಿ ಹಾಕುವುದಿಲ್ಲ ಎಂದರು. ಅರ್ಥ ಒಂದೇ.

ಬಿ.ಎ. ಕೊನೆಯ ಸೆಮಿಸ್ಟರಿಗೆ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು, ಅದಿಲ್ಲದೆ ಪಾಸಿಲ್ಲ. ಜೊತೆಯವರೆಲ್ಲ ಬಾದಾಮಿಗೆ ಹೋಗಿ ಗುಹೆಗಳ ಮುಂದೆ ಫೋಟೊ ತೆಗೆಸಿಕೊಂಡು ಬಂದು, ಹಿಂದಿನ ವರ್ಷದವರು ಬರೆದದ್ದನ್ನೇ ಬರೆದರು. ಘಟಪ್ರಭೆಯ ದಂಡೆಯಲ್ಲಿ ನಮ್ಮವರು ದೋಣಿ ನಡೆಸಿದ ಜಾಗದ ಇತಿಹಾಸ ಬರೆಯುತ್ತೇನೆ ಎಂದು ನಾನು ಹೇಳಿದಾಗ ಸರ್ ನಕ್ಕರು. ಗುಡಿ ಇಲ್ಲ, ಶಾಸನ ಇಲ್ಲ, ಆ ದಂಡೆಯೇ ಹಿನ್ನೀರಿನ ಕೆಳಗೆ ಹೋಗಿದೆ, ಅದಕ್ಕೆಂಥ ಇತಿಹಾಸ ಎಂದರು. ಎರಡೂ ದಡದ ಊರುಗಳ ಸಂತೆ, ಮದುವೆ, ಹೆಣ, ಬಾಣಂತಿ ಎಲ್ಲ ದಾಟಿದ್ದು ಅಲ್ಲಿಂದ. ಅರಸರು ಕೆತ್ತಿಸಿದ್ದಷ್ಟೇ ಇತಿಹಾಸ ಎನ್ನುವ ಮಾತು ಈಗಲೂ ನನ್ನ ಮೈ ಉರಿಸುತ್ತದೆ.

ನಮ್ಮ ಮನೆಯಲ್ಲಿ ಹೇಳುತ್ತಿದ್ದ ಕಥೆ ಇಷ್ಟು. ಅಜ್ಜನ ಕಾಲದಲ್ಲಿ ಕೈದೋಣಿ. ದಾಟಿಸಿದ್ದಕ್ಕೆ ಆಗಿಂದಾಗ ಏನೂ ಕೇಳುತ್ತಿರಲಿಲ್ಲ, ಸುಗ್ಗಿಯಲ್ಲಿ ರಾಶಿಯ ಹೊತ್ತಿಗೆ ಮನೆಮನೆಯಿಂದ ಜೋಳ ಬರುತ್ತಿತ್ತು. ಆಮೇಲೆ ಆಣೆಕಟ್ಟಿನ ನೀರು ಹಿಂದಕ್ಕೆ ನಿಂತು ಊರು ಮುಳುಗಿತು, ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ನಾವು ಬಂದೆವು. ಹುಟ್ಟಿಗೆ ದಕ್ಕದಷ್ಟು ಹೊಳೆ ಅಗಲವಾಯಿತು. ಕಾಂಟ್ರ್ಯಾಕ್ಟರನ ಮಷಿನ್ ಬೋಟು ಬಂತು, ಟಿಕೆಟ್ ಬಂತು. ಕೊನೆಗೆ ಸೇತುವೆಯಾಗಿ ಬೋಟೂ ನಿಂತಿತು. ಮಷಿನ್ನು ನಮ್ಮ ಅನ್ನ ತಿಂದಿತು ಎಂದು ದೊಡ್ಡಪ್ಪ ಇವತ್ತಿಗೂ ಮರುಗುತ್ತಾನೆ. ನಾನೂ ಹಾಗೆಯೇ ಬರೆದಿದ್ದೆ.

ಆಮೇಲೆ ನಮ್ಮ ಮುಳುಗಿದ ಊರಿನ ಹೊರಗಿದ್ದ ಕೇರಿಯ ಒಬ್ಬ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಅವರಿಗೂ ನವನಗರದಲ್ಲೇ ಮನೆ ಸಿಕ್ಕಿತ್ತು. ಅಷ್ಟು ವರ್ಷವಾದರೂ ನಮ್ಮ ಮನೆಯವರು ಯಾರೂ ಆ ಹೊಸ್ತಿಲು ತುಳಿದಿರಲಿಲ್ಲ. ಯಾರ ಮಗ ಎಂದು ಕೇಳಿದರು. ಹೇಳಿದೆ. ಮಾತಿಗೆ ಶುರು ಮಾಡಿದರು.

“ನಿಮ್ಮಜ್ಜನ ದೋಣಿಯಾಗ ಮೊದಲ ಗೌಡರ ಮನಿಯವರು, ಆಮ್ಯಾಲ ಸಂತಿಯವರು, ಆಮ್ಯಾಲ ಕುರಿ. ಕುರಿ ಹತ್ತಿದ ಮ್ಯಾಲ ಜಾಗ ಉಳದ್ರ ನಾವು. ಜೋಳ ನಾವೂ ಕೊಡ್ತಿದ್ವಿ ತಮ್ಮಾ, ಕೂಲಿ ಜೋಳದಾಗಿಂದು. ಈ ನನ್ನ ಮಗಗ ಸಣ್ಣಾಂವಿದ್ದಾಗ ಜ್ವರ ನೆತ್ತಿಗೇರಿತ್ತು. ಬಾಗಲಕೋಟಿ ದವಾಖಾನಿಗೆ ಒಯ್ಯಾಕಂತ ಎತ್ಕೊಂಡು ಮಳ್ಯಾಗ ನಿಂತಿದ್ದೆ. ಕುರಿ ದಾಟಿದುವು, ನಾ ನಿಂತೆ. ಕೂಸು ಉಳೀತು, ಕಿವಿ ಹೋತು.”

ಆ ಮಗ ಬಾಗಿಲಲ್ಲೇ ಕುಳಿತು ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದ. ಮಷಿನ್ ಬೋಟು ಬಂದ ದಿನ ತಾನು ಟಿಕೆಟ್ ತೆಗೆದುಕೊಂಡು ಎಲ್ಲರಿಗಿಂತ ಮುಂದೆ ಹೋಗಿ ಕುಳಿತದ್ದನ್ನು, ಯಾರೂ ಏಳು ಅನ್ನದೆ ಇದ್ದದ್ದನ್ನು ಅಜ್ಜಿ ನನಗೆ ಎರಡು ಸಲ ಹೇಳಿದರು.

ಎಲ್ಲ ಬರೆದೆ. ಸುದ್ದಿ ತಿಳಿದು ದೊಡ್ಡಪ್ಪ ಮನೆಗೆ ಬಂದ. “ಲೇ, ಅನ್ನ ಹಾಕಿದ ದೋಣಿಗೆ ರಾಡಿ ಹಚ್ಚಾಕ ಕಲತೇನು? ಆ ಹಾಳಿ ಹರಿ” ಎಂದ. ಸರ್ ಕೂಡ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು: ಒಬ್ಬ ಮುದುಕಿಯ ಮಾತು ಆಧಾರವಾಗುವುದಿಲ್ಲ, ಜಾತಿಯ ವಿಷಯ, ಜಗಳವಾಗುತ್ತದೆ, ತೆಗೆದರೆ ಮಾತ್ರ ಸಹಿ. ಇತಿಹಾಸವೇ ಇಲ್ಲ ಎಂದವರಿಗೆ ಈಗ ಅದು ಜಾಸ್ತಿಯಾಗಿತ್ತು. ಒಪ್ಪಿಸುವ ಕೊನೆಯ ದಿನ ಹತ್ತಿರ ಬಂದಿತ್ತು. ತೆಗೆಯುವುದಿಲ್ಲ, ಡಿಗ್ರಿ ಹೋದರೆ ಹೋಗಲಿ ಎಂದು ಮನೆಯಲ್ಲಿ ಕೂಗಾಡಿದೆ. ಅಪ್ಪ ಕೇಳಿಸಿಕೊಂಡ.

ಮರುದಿನ ಮೀನು ಮಾರಿ ಬಂದವನು ನನ್ನ ಜೊತೆ ಕಾಲೇಜಿಗೆ ಹೊರಟ. ಖಾಲಿ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಸ್ಟಾಫ್ ರೂಮಿಗೆ ಬಂದ. ಸರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಆ ಅಕ್ಕ ಹೇಳಿದ್ದು ಖರೆ ಐತ್ರಿ, ಸರ್. ಆವತ್ತ ಹುಟ್ಟು ನನ್ನ ಕೈಯಾಗಿತ್ತು. ಕುರಿ ಹತ್ತಿಸಿದಾಂವ ನಾನ. ನಮ್ಮಪ್ಪ ಹೇಳಿದ್ದಕ್ಕ ಮಾಡಿದೆ ಅಂತ ಬರಿಯೂದು ಬ್ಯಾಡ. ನಾ ಮಾಡಿದೆ ಅಂತನ ಬರೀಲಿ.”

ಸರ್ ನನ್ನ ಕಡೆ ನೋಡಿ, ಇದನ್ನೂ ಸೇರಿಸು ಎಂದರು. ಸೇರಿಸಿದ ಮೇಲೆ ಸಹಿ ಹಾಕಿದರು. ನನಗೆ ಗೆದ್ದ ಖುಷಿ ಬರಲಿಲ್ಲ. ಮನೆಯಲ್ಲೇ ಇದ್ದ ಈ ಮಾತನ್ನು ನಾನು ಊರೆಲ್ಲ ಹುಡುಕುವವರೆಗೆ ಇವನು ಬಚ್ಚಿಟ್ಟನಲ್ಲ ಎಂಬ ಸಿಟ್ಟಿಗೆ ದಾರಿಯುದ್ದಕ್ಕೂ ಅಪ್ಪನೊಂದಿಗೆ ಮಾತಾಡಲಿಲ್ಲ. ಆದರೆ ಅವನ ಬುಟ್ಟಿಯನ್ನು ನಾನೇ ಹೊತ್ತುಕೊಂಡು ಬಂದೆ.

ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸರ್ಟಿಫಿಕೇಟು ಕೊಟ್ಟ ದಿನ ದೊಡ್ಡಪ್ಪ ಬರಲಿಲ್ಲ. ವೇದಿಕೆಯಿಂದ ಇಳಿದು ಬಂದು ಅದನ್ನು ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ನನ್ನ ಪ್ರಾಜೆಕ್ಟನ್ನು ತಂಗಿಯಿಂದ ಪೂರಾ ಓದಿಸಿಕೊಂಡಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು ಸರ್ಟಿಫಿಕೇಟು ಹಿಡಿದು ಹೇಳಿದಳು:

“ಗೌಡ್ರು ಎಲ್ಲಿ ಕುಂತ್ರು, ಕುರಿ ಎಲ್ಲಿ ನಿಂತುವು, ಎಲ್ಲಾ ಬರದೀ. ದೋಣ್ಯಾಗ ತುಂಬಿದ ನೀರು ಡಬ್ಬಿಲೆ ತೋಡಿ ಚೆಲ್ಲತಿದ್ದಾಕಿ ನಾನು. ಅದು ಎಲ್ಲೂ ಇಲ್ಲಲ್ಲೋ.”