ಆಚೆ ದಡದ ಬಿಳಿ ಶಾಲು

ನಮ್ಮ ದೊಡ್ಡಪ್ಪನದು ಫೋಟೊ ಸ್ಟುಡಿಯೊ. ವರ್ಷವಿಡೀ ಅರ್ಜಿಗೆ ಅಂಟಿಸುವ ಮುಖಗಳನ್ನು ತೆಗೆದು ಬೇಸತ್ತ ಮನುಷ್ಯ, ಚಳಿಗಾಲ ಬಂತೆಂದರೆ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಮುಂಜಾನೆಯೇ ಕೆರೆಗೆ ಓಡುತ್ತಿದ್ದರು. ಎಲೆ ಉದುರಿದ ಮರ, ಮಂಜು, ಓರೆ ಬಿಸಿಲು, ಇದೇ ಹುಚ್ಚು. ಇಪ್ಪತ್ತು ಚಳಿಗಾಲಕ್ಕೆ ಸಿಕ್ಕ ಪ್ರತಿಫಲವೆಂದರೆ ಕೆಮ್ಮು.

"ನನ್ನ ಬದಲು ಆ ಮಂಜನ್ನೇ ಕಟ್ಕೋಬೇಕಿತ್ತು ನೀವು," ಎಂದು ದೊಡ್ಡಮ್ಮ ಗೊಣಗುತ್ತಿದ್ದರು.

ಒಂದು ವರ್ಷ ಅದೇನನ್ನಿಸಿತೋ, ಅವರೂ ಜೊತೆಗೆ ಹೊರಟರು. ದೊಡ್ಡಪ್ಪ ಅವರಿಗೆ ಬಿಳಿ ಶಾಲು ಹೊದಿಸಿ ಆಚೆ ದಡದಲ್ಲಿ, ಕಪ್ಪು ಗುಡ್ಡದ ಬುಡದಲ್ಲಿ ಒಂದು ಗಂಟೆ ನಿಲ್ಲಿಸಿದರಂತೆ. ಮಂಜು ಸರಿದದ್ದು ಒಂದೇ ಗಳಿಗೆ. ಸಿಕ್ಕಿದ್ದು ಒಂದೇ ಚಿತ್ರ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ದೊಡ್ಡಮ್ಮ ನಾಚಿಕೊಂಡು ಯಾರಿಗೂ ಹೇಳಿರಲಿಲ್ಲ.

ಮರುದಿನವೇ ದೊಡ್ಡಪ್ಪ ಜ್ವರ ಬಂದು ಮಲಗಿದರು. ಆ ವರ್ಷದ ಫೋಟೊ ಸ್ಪರ್ಧೆಗೆ ಚಿತ್ರ ಕಳಿಸಲು ಉಳಿದಿದ್ದುದು ಎರಡೇ ದಿನ. ಸ್ಟುಡಿಯೊದಲ್ಲಿ ನೆಗೆಟಿವ್ ತಿದ್ದುವ ಕೆಲಸ ನನ್ನದು. ಮೊಡವೆಯನ್ನು ಪೆನ್ಸಿಲ್ಲಿನಿಂದ ಮುಚ್ಚುವುದು, ಬೇಡದ ಕಲೆಯನ್ನು ಬ್ಲೇಡಿನಿಂದ ಕೆರೆಯುವುದು. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ ಕಾಣುತ್ತದೆ. ಗುಡ್ಡದ ಬುಡದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಕಂಡಿತು. ಕಲೆ ಎಂದುಕೊಂಡು ನೀಟಾಗಿ ಕೆರೆದುಬಿಟ್ಟೆ. ಪ್ರಿಂಟು ಹಾಕಿ ಕಳಿಸಿಯೂ ಆಯಿತು.

"ಚೆನ್ನಾಗಿ ಬಂದಿದ್ಯೇನೇ?" ಎಂದು ದೊಡ್ಡಮ್ಮ ಕೇಳಿದರು.

"ಕನ್ನಡಿ ಥರ ಬಂದಿದೆ ದೊಡ್ಡಮ್ಮ," ಎಂದೆ. ಮುಖ ಅರಳಿಸಿಕೊಂಡು ಒಳಗೆ ಹೋದರು.

ಮೊದಲ ಬಹುಮಾನ ಬಂತು. ಪ್ರದರ್ಶನದ ದಿನ ದೊಡ್ಡಮ್ಮ ಹೊಸ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಚಿತ್ರದ ಮುಂದೆ ನಿಂತರು. ನರಪಿಳ್ಳೆಯಿಲ್ಲದ ಮೌನವೇ ಈ ಚಿತ್ರದ ಜೀವ ಎಂದು ತೀರ್ಪುಗಾರರು ಮೈಕಿನಲ್ಲಿ ಹೊಗಳುತ್ತಿದ್ದರು. ದೊಡ್ಡಮ್ಮ ಚಿತ್ರದ ಮೇಲೆ ಬೆರಳಾಡಿಸಿ ಹುಡುಕಿದರು.

"ನಾನು ಅಡ್ಡ ಬಂದೆ ಅಂತ ಅವತ್ತೇ ಹೇಳಿದ್ರೆ ಮನೇಲೇ ಇರ್ತಿದ್ನಲ್ರೀ," ಎಂದರು ಪಕ್ಕದಲ್ಲಿದ್ದ ದೊಡ್ಡಪ್ಪನಿಗೆ.

ಆಗಲೇ ನನಗೆ ಹೊಳೆದದ್ದು. ನಾನು ಕೆರೆದ ಆ ಚುಕ್ಕೆ ದೊಡ್ಡಮ್ಮನ ಬಿಳಿ ಶಾಲು. ದೊಡ್ಡಪ್ಪನೂ ಚಿತ್ರ ನೋಡುತ್ತಿದ್ದುದು ಅದೇ ಮೊದಲು. ಒಮ್ಮೆ ನನ್ನ ಮುಖ ನೋಡಿದರು. ಇನ್ನೂ ಮದುವೆಯಾಗದೆ ಅವರ ಮನೆಯಲ್ಲೇ ಬಿದ್ದಿದ್ದ ತಮ್ಮನ ಮಗಳು ನಾನು.

"ಯಾರೂ ಇಲ್ದಿದ್ರೇನೇ ಚಂದ ಅನ್ನಿಸ್ತು ಕಣೇ," ಎಂದರು ಹೆಂಡತಿಗೆ.

ನಾಚಿಕೆಗೆಟ್ಟವಳು ನಾನು, ಆಚೀಚೆ ನೋಡುತ್ತಾ ನಿಂತೆ.

ದೊಡ್ಡಮ್ಮ ಆಮೇಲೆ ಎಂಟು ವರ್ಷ ಬದುಕಿದ್ದರು. ಗಂಡನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ಅಷ್ಟೂ ವರ್ಷ ಅವರು ಬಡಿಸಿದ್ದನ್ನು ನಾನು ಉಂಡೆ.